ಊರಿನ ದನಿ ಯಾರ ದನಿ? ಸವಡಿ–ಸೂಡಿ ಪರಿಸರ ಮತ್ತು ಗ್ರಾಮಸ್ವಾಯತ್ತತೆಯ ಓದುಗಳು

ಕರ್ನಾಟಕದಲ್ಲಿ ಪಂಚಾಯತ್ ರಾಜ್ ವ್ಯವಸ್ಥೆಯನ್ನು ಕುರಿತು ಬರೆದ ಗ್ರಂಥಗಳ ಮೊದಲ ಅಧ್ಯಾಯ ಸಾಮಾನ್ಯವಾಗಿ ಒಂದೇ ಬಗೆಯದು. ಪ್ರಾಚೀನ ಕಾಲದಿಂದಲೂ ನಮ್ಮ ಗ್ರಾಮಗಳು ಸ್ವತಂತ್ರವಾಗಿದ್ದವು, ಊರಿನ ಜನ ಒಂದೆಡೆ ಕೂಡಿ ತಮ್ಮ ಕಾರ್ಯಗಳನ್ನು ತಾವೇ ನಿರ್ಣಯಿಸುತ್ತಿದ್ದರು ಎಂಬ ಮಾತಿನಿಂದ ಅದು ಆರಂಭವಾಗುತ್ತದೆ. ಬಳಿಕ ಒಂದೆರಡು ಶಾಸನಗಳ ಹೆಸರು ಬರುತ್ತದೆ. ಬ್ರಿಟಿಷರ ಆಳಿಕೆಯಲ್ಲಿ ಈ ಪರಂಪರೆ ನಶಿಸಿತೆಂಬ ವಿಷಾದದ ನಂತರ ಸಂವಿಧಾನದ 73ನೆಯ ತಿದ್ದುಪಡಿಗೆ ಲೇಖಕರು ನೇರವಾಗಿ ಜಿಗಿಯುತ್ತಾರೆ. ಹೀಗೆ ಹೆಸರಿಸಲಾಗುವ ಶಾಸನಗಳಲ್ಲಿ ಎರಡು ಇಂದಿನ ಗದಗ ಜಿಲ್ಲೆಗೆ ಸೇರಿದವು: ಒಂದು ಲಕ್ಷ್ಮೇಶ್ವರದ್ದು, ಮತ್ತೊಂದು ರೋಣದ ಆಸುಪಾಸಿನ ಸೂಡಿಯದು. ಈ ಶಾಸನಗಳು ನಿಜಕ್ಕೂ ಏನು ಹೇಳುತ್ತವೆ, ಹೇಳದೆ ಬಿಟ್ಟದ್ದು ಏನು, ನಮ್ಮ ಕಾಲದ ಗ್ರಾಮಸಭೆಗೆ ಇವನ್ನು ಪೂರ್ವಜರೆಂದು ತೋರಿಸುವುದರಲ್ಲಿ ಎಷ್ಟು ಹುರುಳಿದೆ ಎಂಬುದನ್ನು ಸವಡಿ–ಸೂಡಿ ಪರಿಸರವನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸವಡಿ ರೋಣದ ಎರೆನೆಲದ ಊರು. ಹಳೆಯ ದೇಗುಲಗಳೂ ಶಾಸನಗಳೂ ಇಲ್ಲಿ ಉಂಟು. ಸುತ್ತಣ ಸೂಡಿ, ನರೇಗಲ್ಲ, ರೋಣ ಮೊದಲಾದ ಊರುಗಳೊಡನೆ ಕೂಡಿಸಿ ನೋಡಿದಾಗ, ಕಿಸುಕಾಡು ಎಪ್ಪತ್ತು ಮತ್ತು ಬೆಳ್ವೊಲ ಮುನ್ನೂರು ಎಂಬ ನಾಡುಗಳ ಗಡಿಯ ಈ ಪ್ರದೇಶ ಕಲ್ಯಾಣ ಚಾಲುಕ್ಯರ ಕಾಲದ ಲಿಖಿತ ದಾಖಲೆಗಳಲ್ಲಿ ಅತ್ಯಂತ ಸಮೃದ್ಧವಾದದ್ದೆಂದು ತಿಳಿಯುತ್ತದೆ. ಕೆರೆಗೆ ಬಿಟ್ಟ ಮತ್ತರು, ದೇವರಿಗೆ ಬಿಟ್ಟ ಗಾಣ, ಸತ್ರಕ್ಕೆ ಬಿಟ್ಟ ತೋಟ – ಇವುಗಳ ಲೆಕ್ಕ ಕಲ್ಲಿನ ಮೇಲೆ ಉಳಿದುಬಂದಿದೆ. ಆದರೆ ದಾನದ ಲೆಕ್ಕ ಬೇರೆ, ಆಡಳಿತದ ಕಟ್ಟಳೆ ಬೇರೆ. ಎರಡನೆಯ ಬಗೆಯ ಶಾಸನಗಳು ಕೈಬೆರಳೆಣಿಕೆಯವು. ಅವುಗಳ ಬೆಲೆ ಇರುವುದೂ ಅದಕ್ಕಾಗಿಯೇ.

ಮೊದಲು ಲಕ್ಷ್ಮೇಶ್ವರದ ಶಾಸನ. ಪೊರಿಗೆರೆ ಎಂದು ಹೆಸರಾಗಿದ್ದ ಆ ಪಟ್ಟಣಕ್ಕೆ ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಎಂಟನೆಯ ಶತಮಾನದ ಮೊದಲರ್ಧದಲ್ಲಿ ಕೊಟ್ಟ ‘ಆಚಾರವ್ಯವಸ್ಥೆ’ ಇದರಲ್ಲಿದೆ. ಎಲ್.ಡಿ. ಬಾರ್ನೆಟ್ ಇದನ್ನು ಎಪಿಗ್ರಾಫಿಯ ಇಂಡಿಕಾದ ಹದಿನಾಲ್ಕನೆಯ ಸಂಪುಟದಲ್ಲಿ ಸಂಪಾದಿಸಿಕೊಟ್ಟ ಮೇಲೆ ವಿದ್ವಾಂಸರ ಗಮನ ಇದರತ್ತ ಹರಿಯಿತು. ಮಹಾಜನರು, ನಗರ, ಹದಿನೆಂಟು ಪ್ರಕೃತಿಗಳು ಒಂದು ಕಡೆ. ಅರಸನ ಅಧಿಕಾರಿಗಳು ಮತ್ತೊಂದು ಕಡೆ. ಪಾಳುಬಿದ್ದ ಮನೆ, ಅರಸನ ದಾನ, ಅರಸನ ಘೋಷಣೆ, ನಂಬಿಗಸ್ತರ ಸಾಕ್ಷ್ಯ, ರೂಢಿಯ ಮರ್ಯಾದೆ, ತಾಮ್ರಶಾಸನ, ಅನುಭೋಗದಲ್ಲಿರುವ ಆಸ್ತಿ – ಇವನ್ನು ಕಾಪಾಡಬೇಕಾದವರು ರಾಜಪುರುಷರು. ಪಟ್ಟಣದ ಮನೆಗಳು ತಮ್ಮ ತಮ್ಮ ಅಂತಸ್ತಿಗೆ ತಕ್ಕಂತೆ ಇಷ್ಟಿಷ್ಟು ಪಣಗಳನ್ನು ಕೊಡಬೇಕು. ಕೆಲವು ಬಗೆಯ ದಂಡಗಳೂ ಮಕ್ಕಳಿಲ್ಲದವರ ಸ್ವತ್ತೂ ಶ್ರೇಣಿಗೆ ಸಲ್ಲಬೇಕು.

ಇಲ್ಲಿ ಗಮನಿಸಬೇಕಾದದ್ದು ಕಟ್ಟಳೆಯ ರೂಪ. ಅಧಿಕಾರಿಗಳ ಕರ್ತವ್ಯವನ್ನೂ ಜನರ ಕರ್ತವ್ಯವನ್ನೂ ಒಂದೇ ಕಲ್ಲಿನಲ್ಲಿ, ಎಲ್ಲರ ಕಣ್ಣಿಗೆ ಬೀಳುವಂತೆ ಬರೆಯಿಸಲಾಗಿದೆ. ಉಭಯರನ್ನೂ ಕಟ್ಟಿಹಾಕುವ ಬರಹ ಇದು. ಅರಸು ತನ್ನವರ ಕೈಯನ್ನು ತಾನೇ ಕಟ್ಟಿಕೊಂಡದ್ದು ಸಣ್ಣ ಸಂಗತಿಯಲ್ಲ. ತೆರಿಗೆ ಎಷ್ಟೆಂಬುದು ಬರಹದಲ್ಲಿ ನಿಂತ ಬಳಿಕ ಅದಕ್ಕಿಂತ ಹೆಚ್ಚನ್ನು ಕೇಳಿದ ಅಧಿಕಾರಿಗೆ ಕಲ್ಲನ್ನು ತೋರಿಸುವ ಅವಕಾಶ ಪಟ್ಟಣಿಗನಿಗೆ ದೊರೆಯಿತು. ಆದರೆ ಇದನ್ನು ಸ್ವಯಮಾಡಳಿತದ ಸನ್ನದೆಂದು ಕರೆಯುವಾಗ ಒಂದು ಅಂಶ ಮರೆತುಹೋಗುತ್ತದೆ: ಸಭೆ ಹೇಗೆ ಸೇರುತ್ತಿತ್ತು, ಯಾರು ಆಯ್ಕೆಯಾಗುತ್ತಿದ್ದರು, ಯಾರನ್ನು ತೆಗೆದುಹಾಕಬಹುದಾಗಿತ್ತು ಎಂಬ ವಿಚಾರವಾಗಿ ಈ ಶಾಸನ ಮೌನವಾಗಿದೆ. ಹತ್ತನೆಯ ಶತಮಾನದ ತಮಿಳಿನ ಉತ್ತರಮೇರೂರು ಶಾಸನಗಳು ಚೀಟಿ ಎತ್ತಿ ಸದಸ್ಯರನ್ನು ಆರಿಸುವ ಕ್ರಮವನ್ನೂ ಅನರ್ಹತೆಗಳನ್ನೂ ವಿವರವಾಗಿ ತಿಳಿಸುತ್ತವೆ. ನಮ್ಮ ಲೇಖಕರು ಅಲ್ಲಿನ ವಿವರವನ್ನು ಇಲ್ಲಿಯ ಮೌನದೊಳಕ್ಕೆ ತುಂಬಿ ಓದುವುದು ಅಪರೂಪವೇನೂ ಅಲ್ಲ.

ಸೂಡಿಯ ಶಾಸನದ ಸ್ಥಿತಿ ಇನ್ನೂ ಕುತೂಹಲಕರ. ಒಂದನೆಯ ಸೋಮೇಶ್ವರನ ಆಳಿಕೆಯಲ್ಲಿ, ಕ್ರಿ.ಶ. 1050ರ ಸುಮಾರಿಗೆ, ಕಿಸುಕಾಡನ್ನು ಆಳುತ್ತಿದ್ದವಳು ಜಯಸಿಂಹನ ಸೋದರಿ ಅಕ್ಕಾದೇವಿ. ಚೋಳರ ದಂಡು ಹಾಯ್ದುಹೋಗಿ ಕೆಟ್ಟಿದ್ದ ಪಟ್ಟಣದ ಕಟ್ಟಳೆಯನ್ನು ಎಂಟು ಮಂದಿ ಸೆಟ್ಟಿಗಳಿಗೂ ಎಂಬತ್ತು ಒಕ್ಕಲುಗಳಿಗೂ ಆಕೆ ಮರಳಿ ಮಾಡಿಕೊಟ್ಟಳೆಂಬುದು ಇದರ ಸಾರ. ಯುದ್ಧದಲ್ಲಿ ಹಾಳಾದದ್ದು ಮನೆಮಾರುಗಳಷ್ಟೇ ಅಲ್ಲ, ಊರು ತನ್ನನ್ನು ತಾನು ನಡೆಸಿಕೊಳ್ಳುವ ಒಡಂಬಡಿಕೆಯೂ ಹಾಳಾಗುತ್ತದೆ. ಅದನ್ನೂ ದುರಸ್ತಿ ಮಾಡಬೇಕಾಗುತ್ತದೆ ಎಂಬ ಅರಿವು ಹನ್ನೊಂದನೆಯ ಶತಮಾನದ ಒಬ್ಬ ಆಡಳಿತಗಾರ್ತಿಗೆ ಇತ್ತೆಂಬುದು ಮೆಚ್ಚತಕ್ಕ ವಿಷಯ. ಗೋಕಾಕದ ಮುತ್ತಿಗೆಯ ಕಾರಣದಿಂದ ‘ರಣಭೈರವಿ’ ಎಂಬ ಬಿರುದಿನ ಅಕ್ಕಾದೇವಿಯನ್ನು ಸ್ಮರಿಸುವ ಇತಿಹಾಸಕಾರರು ಈ ಕಟ್ಟಳೆಗಾಗಿ ಆಕೆಯನ್ನು ಇನ್ನಷ್ಟು ಸ್ಮರಿಸಬಹುದಿತ್ತು.

ಹಾಗಿದ್ದರೂ ಮೂರು ಪ್ರಶ್ನೆಗಳು ಉಳಿಯುತ್ತವೆ. ಎಂಟು, ಎಂಬತ್ತು ಎಂಬ ಸಂಖ್ಯೆಗಳು ಎಣಿಕೆಯವೋ ಸಂಕೇತದವೋ? ಒಂದರ ಹತ್ತು ಪಟ್ಟು ಮತ್ತೊಂದಾಗಿರುವುದು ಆಕಸ್ಮಿಕವೆಂದು ನಂಬುವುದು ಕಷ್ಟ. ಸಂಕೇತವೇ ಆಗಿದ್ದಲ್ಲಿ ಅದು ವರ್ತಕ ಮುಖಂಡರನ್ನೂ ನೆಲದ ಹಕ್ಕುಳ್ಳ ಮನೆತನಗಳನ್ನೂ ಸೂಚಿಸುವ ವಾಡಿಕೆಯ ನುಡಿಯಾಗುತ್ತದೆ. ಎಣಿಕೆಯೇ ಆಗಿದ್ದಲ್ಲಿ ಎಂಬತ್ತು ಒಕ್ಕಲಿನ ಆಚೆಗೆ ಊರಲ್ಲಿ ಇದ್ದವರ ಗತಿಯೇನೆಂಬ ಪ್ರಶ್ನೆ ಏಳುತ್ತದೆ. ಎರಡನೆಯದಾಗಿ, ಒಕ್ಕಲು ಎಂಬುದು ವ್ಯಕ್ತಿಯಲ್ಲ, ಮನೆ. ಮನೆಗೆ ಮಾತಿದೆ ಎಂದರೆ ಮನೆಯ ಯಜಮಾನನಿಗೆ ಮಾತಿದೆ ಎಂದರ್ಥ. ಕಟ್ಟಳೆಯನ್ನು ಕೊಟ್ಟವಳು ಹೆಣ್ಣು. ಪಡೆದವರಲ್ಲಿ ಹೆಣ್ಣಿನ ಸುಳಿವಿಲ್ಲ. ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಕಟ್ಟಳೆ ಕೆಟ್ಟಾಗ ಅದನ್ನು ಸರಿಪಡಿಸುವ ಅಧಿಕಾರ ಊರಿಗೆ ಇರಲಿಲ್ಲ, ಆಳುವವಳಿಗಿತ್ತು. ಊರಿನ ‘ಸ್ವಾಯತ್ತತೆ’ ಮೇಲಿನಿಂದ ಇಳಿದುಬಂದದ್ದು. ಕೊಟ್ಟವರು ಹಿಂದಕ್ಕೆ ಪಡೆಯಬಹುದಾದದ್ದನ್ನು ಹಕ್ಕು ಎನ್ನಬೇಕೇ, ದತ್ತಿ ಎನ್ನಬೇಕೇ?

ಈ ಪ್ರಶ್ನೆಗಳನ್ನು ಹಿಂದಿನ ತಲೆಮಾರಿನ ವಿದ್ವಾಂಸರು ಕೇಳಲಿಲ್ಲವೆಂದು ಅವರನ್ನು ದೂರುವುದು ಸಲ್ಲದು. ಅವರ ಕಾಲದ ಒತ್ತಡ ಬೇರೆಯಾಗಿತ್ತು. ರಾಧಾಕುಮುದ ಮುಖರ್ಜಿ 1919ರಲ್ಲಿ ಪ್ರಾಚೀನ ಭಾರತದ ಸ್ಥಳೀಯ ಆಡಳಿತದ ಮೇಲೆ ಗ್ರಂಥ ಬರೆದಾಗ, ಭಾರತೀಯರು ತಮ್ಮನ್ನು ತಾವು ಆಳಿಕೊಳ್ಳಲಾರರು ಎಂಬ ವಸಾಹತು ವಾದಕ್ಕೆ ಉತ್ತರ ಕೊಡಬೇಕಾಗಿತ್ತು. ಸೋಜಿಗವೆಂದರೆ ಆ ಉತ್ತರದ ಸಾಮಗ್ರಿಯ ಒಂದು ಪಾಲು ಬಂದದ್ದು ವಸಾಹತು ಅಧಿಕಾರಿಯಿಂದಲೇ: ಭಾರತದ ಹಳ್ಳಿಗಳು ಪುಟ್ಟ ಗಣರಾಜ್ಯಗಳಿದ್ದಂತೆ ಎಂದು ಚಾರ್ಲ್ಸ್ ಮೆಟ್ಕಾಫ್ 1830ರ ತನ್ನ ಟಿಪ್ಪಣಿಯಲ್ಲಿ ಬರೆದಿದ್ದನು. ಆತ ಕಂದಾಯ ವಸೂಲಿಯ ವಿಧಾನವನ್ನು ಚರ್ಚಿಸುತ್ತ ಹೇಳಿದ ಮಾತು ಮುಂದೆ ರಾಷ್ಟ್ರೀಯ ಅಭಿಮಾನದ ಮಾತಾಯಿತು.

ಜಿ.ಎಸ್. ದೀಕ್ಷಿತರು ಮಧ್ಯಯುಗದ ಕರ್ನಾಟಕದ ಸ್ಥಳೀಯ ಸ್ವಯಮಾಡಳಿತವನ್ನು ಕುರಿತು ಬರೆದ ಗ್ರಂಥವನ್ನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 1964ರಲ್ಲಿ ಪ್ರಕಟಿಸಿತು. ನಾಡು, ಊರು, ಅಗ್ರಹಾರ, ನಗರ ಎಂದು ಸಂಸ್ಥೆಗಳನ್ನು ಬೇರ್ಪಡಿಸಿ, ಪ್ರತಿಯೊಂದಕ್ಕೂ ಶಾಸನಾಧಾರಗಳನ್ನು ಒದಗಿಸಿದ ಶ್ರಮ ಅದರಲ್ಲಿದೆ. ಇಂದಿಗೂ ಈ ವಿಷಯದ ಅಧ್ಯಯನಕ್ಕೆ ತೊಡಗುವವರು ಅಲ್ಲಿಂದಲೇ ಹೊರಡಬೇಕು. ಆದರೆ ‘ಸ್ವಯಮಾಡಳಿತ’ ಎಂಬ ಪದದ ಮೊದಲರ್ಧವನ್ನು ಆ ಬಗೆಯ ಅಧ್ಯಯನ ಪ್ರಶ್ನಿಸಲಿಲ್ಲ. ಆಡಳಿತ ಹೇಗೆ ನಡೆಯಿತೆಂಬುದಕ್ಕೆ ಕೊಟ್ಟ ಗಮನ, ‘ಸ್ವಯಂ’ ಎಂದರೆ ಯಾರು ಎಂಬುದಕ್ಕೆ ಸಲ್ಲಲಿಲ್ಲ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ 1966ರಲ್ಲಿ ಬಂದ ಮೇಲೆ ಅರಸು ಮನೆತನಗಳ ಆಚೆಗೆ ಸಾಮಾನ್ಯರ ಬಾಳನ್ನೂ ಶಾಸನಗಳಲ್ಲಿ ಹುಡುಕಬಹುದೆಂಬ ದಾರಿ ತೆರೆಯಿತಾದರೂ ಸ್ಥಳೀಯ ಆಡಳಿತದ ಬರಹಗಳು ಬಹುಪಾಲು ಹಳೆಯ ಜಾಡಿನಲ್ಲಿಯೇ ನಡೆದವು. ಪಠ್ಯಪುಸ್ತಕಗಳ ಮಾತು ಬಿಡಿ. ಅವು ದೀಕ್ಷಿತರ ಎಚ್ಚರಿಕೆಯನ್ನೂ ಕಳೆದುಕೊಂಡು ಬರಿಯ ಅಭಿಮಾನವನ್ನು ಉಳಿಸಿಕೊಂಡವು.

‘ಸ್ವಯಂ’ ಯಾರು ಎಂಬ ಪ್ರಶ್ನೆಯನ್ನು ಎತ್ತಿದವರು ಬಿ.ಆರ್. ಅಂಬೇಡ್ಕರ್. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅವರು ಹಳ್ಳಿಯ ವೈಭವೀಕರಣವನ್ನು ಕಟುವಾಗಿ ಅಲ್ಲಗಳೆದದ್ದು ಎಲ್ಲರಿಗೂ ತಿಳಿದದ್ದೇ. ಅದೇ ತಿಂಗಳಿನಲ್ಲಿ ಕೆ. ಸಂತಾನಂ ಅವರ ತಿದ್ದುಪಡಿಯಿಂದ ಗ್ರಾಮಪಂಚಾಯತಿಗಳ ರಚನೆ ರಾಜ್ಯನೀತಿಯ ನಿರ್ದೇಶಕ ತತ್ತ್ವಗಳೊಳಗೆ ಸೇರಿ ಇಂದಿನ 40ನೆಯ ವಿಧಿಯಾಯಿತು. ಆದರೆ ರೋಣ ಸೀಮೆಯ ದೃಷ್ಟಿಯಿಂದ ಹೆಚ್ಚು ಪ್ರಸ್ತುತವಾದದ್ದು ಅದಕ್ಕೂ ಹದಿನಾರು ವರ್ಷ ಹಿಂದಿನ ಪ್ರಸಂಗ. 1932ರಲ್ಲಿ ಮುಂಬಯಿ ಶಾಸನ ಪರಿಷತ್ತಿನ ಮುಂದೆ ಗ್ರಾಮಪಂಚಾಯತಿ ಮಸೂದೆ ಬಂದಾಗ ಅಂಬೇಡ್ಕರರು ಅದನ್ನು ವಿರೋಧಿಸಿ ಮಾತನಾಡಿದರು. ಜಾತಿಯಿಂದ ಒಡೆದ ಊರಿನಲ್ಲಿ ಪಂಚಾಯತಿಗೆ ಅಧಿಕಾರ, ಅದರಲ್ಲೂ ನ್ಯಾಯಾಧಿಕಾರ ಕೊಡುವುದೆಂದರೆ ಬಲಿಷ್ಠರ ಕೈಯನ್ನು ಇನ್ನಷ್ಟು ಬಲಪಡಿಸಿದಂತೆ. ದಲಿತ ವರ್ಗಗಳಿಗೆ ಪ್ರತ್ಯೇಕ ಪ್ರಾತಿನಿಧ್ಯವಿಲ್ಲದ ಪಂಚಾಯತಿ ತಮಗೆ ಸಮ್ಮತವಲ್ಲ ಎಂಬುದು ಅವರ ವಾದದ ತಿರುಳು. ಆ ಮಸೂದೆ 1933ರ ಮುಂಬಯಿ ಗ್ರಾಮಪಂಚಾಯತಿ ಕಾಯಿದೆಯಾಯಿತು. ಅಂದಿನ ಧಾರವಾಡ ಜಿಲ್ಲೆಯ ರೋಣ ತಾಲ್ಲೂಕು ಅದರ ವ್ಯಾಪ್ತಿಗೆ ಒಳಪಟ್ಟಿತ್ತು. ಸವಡಿಯಂತಹ ಊರಿನ ಚಾವಡಿಗೆ ಸಂಬಂಧಿಸಿದಂತೆ ಅಂಬೇಡ್ಕರರು ನೇರವಾಗಿ ಮಾತನಾಡಿದ್ದಾರೆ ಎನ್ನಬಹುದು. ಕರ್ನಾಟಕದ ಪಂಚಾಯತ್ ಅಧ್ಯಯನಗಳು 1948ರ ಭಾಷಣವನ್ನು ಉಲ್ಲೇಖಿಸಿ 1932ರದನ್ನು ಬಿಟ್ಟುಬಿಡುವುದರಿಂದ ಅಂಬೇಡ್ಕರರ ವಿಮರ್ಶೆ ಎಲ್ಲಿಯೋ ದಿಲ್ಲಿಯಲ್ಲಿ ನಡೆದ ತಾತ್ತ್ವಿಕ ಚರ್ಚೆಯಂತೆ ತೋರುತ್ತದೆ. ಅದು ಹಾಗಲ್ಲ.

ಚಾವಡಿಯ ಪ್ರಸ್ತಾಪ ಬಂದದ್ದರಿಂದ ಒಂದು ಮಾತು. ಮುಂಬಯಿ ಕರ್ನಾಟಕದ ಹಳ್ಳಿಗಳಲ್ಲಿ ಸರಕಾರದ ಸುದ್ದಿಯನ್ನು ಊರಿಗೆ ಸಾರುತ್ತಿದ್ದದ್ದು ಡಂಗುರ. ಗೌಡ, ಕುಲಕರ್ಣಿಯರದು ವತನದ ಅಧಿಕಾರ. ಡಂಗುರ ಸಾರುವ ಹಾಗೂ ಓಡಾಟದ ಚಾಕರಿಯದೂ ವತನವೇ, ಆದರೆ ಅದು ಕೆಳಜಾತಿಯವರ ಪಾಲಿನದು. ಸಭೆಗೆ ಬನ್ನಿರೆಂದು ಊರೆಲ್ಲ ಕೂಗಿ ಬಂದವನು ಸಭೆ ಕೂತಾಗ ಕಟ್ಟೆಯ ಕೆಳಗೆ ನಿಲ್ಲುತ್ತಿದ್ದನು. ಊರಿನ ದನಿ ಅಕ್ಷರಶಃ ಅವನ ಗಂಟಲಿನಿಂದ ಹೊರಟದ್ದು. ಊರಿನ ನಿರ್ಣಯದಲ್ಲಿ ಅವನ ಪಾಲು ಇರಲಿಲ್ಲ. ಕುಲಕರ್ಣಿ ವತನಗಳನ್ನು ಮುಂಬಯಿ ಸರಕಾರ 1950ರ ಕಾಯಿದೆಯಿಂದಲೂ, ಉಳಿದ ಗ್ರಾಮ ಹುದ್ದೆಗಳನ್ನು ಮೈಸೂರು ರಾಜ್ಯವು 1961ರ ಕಾಯಿದೆಯಿಂದಲೂ ರದ್ದುಗೊಳಿಸಿದವು. ಪಂಚಾಯತ್ ರಾಜ್ ಇತಿಹಾಸದಲ್ಲಿ ಈ ಎರಡು ಕಾಯಿದೆಗಳಿಗೆ ಸಿಗಬೇಕಾದ ಸ್ಥಾನ ಸಿಕ್ಕಿಲ್ಲ. ವಂಶಪಾರಂಪರ್ಯದ ಅಧಿಕಾರ ಕಾನೂನಿನಲ್ಲಿ ಅಳಿಯದೆ ಚುನಾಯಿತ ಸಭೆ ಹೆಸರಿಗಷ್ಟೇ ಉಳಿಯುತ್ತಿತ್ತು.

ಸಭೆಯಲ್ಲಿ ಸ್ಥಾನ ಸಿಕ್ಕರೂ ಸಭೆಗೆ ವಿಷಯದ ಮೇಲೆ ಅಧಿಕಾರವಿಲ್ಲದಿದ್ದರೆ ಏನಾಗುತ್ತದೆ? ಇದಕ್ಕೆ ಈ ಸೀಮೆಯಲ್ಲಿಯೇ ಉತ್ತರವಿದೆ. 1959ರ ಕಾಯಿದೆಯಡಿ ಊರಿಗೆ ಪಂಚಾಯತಿಯೂ ತಾಲ್ಲೂಕಿಗೆ ಅಭಿವೃದ್ಧಿ ಮಂಡಳಿಯೂ ಇದ್ದವು. ಮಲಪ್ರಭಾ ನೀರಾವರಿ ಪ್ರದೇಶದಲ್ಲಿ ರೈತರ ಮೇಲೆ ಅಭಿವೃದ್ಧಿ ಕರ ಹೊರಿಸಿದಾಗ, ನೀರು ಸರಿಯಾಗಿ ಬಾರದ ಹೊಲಕ್ಕೂ ಕರವೇಕೆ ಎಂಬ ಪ್ರಶ್ನೆಯನ್ನು ನಿರ್ಣಯಿಸುವ ಅಧಿಕಾರ ಈ ಎರಡು ಸಂಸ್ಥೆಗಳಿಗೂ ಇರಲಿಲ್ಲ. ಪ್ರಶ್ನೆ ಬೀದಿಗೆ ಬಂತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗುಂಡು ಹಾರಿ ಪ್ರಾಣಹಾನಿಯಾಯಿತು. ರೈತ ಚಳವಳಿಯ ಚರಿತ್ರೆಯಾಗಿ ಇದನ್ನು ಬರೆದವರು ಹಲವರು. ಸ್ಥಳೀಯ ಸಂಸ್ಥೆಗಳ ಚರಿತ್ರೆಯ ಒಂದು ಅಧ್ಯಾಯವೆಂದು ಓದಿದವರು ಕಡಿಮೆ. ಲಕ್ಷ್ಮೇಶ್ವರದ ಕಲ್ಲಿನಲ್ಲಿ ತೆರಿಗೆಯ ಮಿತಿ ಎರಡೂ ಕಡೆಯವರ ಎದುರಿಗೆ ಬರೆಯಲ್ಪಟ್ಟಿತ್ತೆಂಬುದನ್ನು ನೆನೆದರೆ, ಸುಮಾರು ಸಾವಿರದ ಇನ್ನೂರೈವತ್ತು ವರ್ಷಗಳ ನಂತರ ಅದೇ ಸೀಮೆಯಲ್ಲಿ ಕರ ಕುರಿತು ಮಾತಾಡಲು ಸರಿಯಾದ ಜಾಗವೇ ಇರಲಿಲ್ಲವೆಂಬುದು ಮನಸ್ಸಿಗೆ ನಾಟುತ್ತದೆ.

ಇದಕ್ಕೆ ಪ್ರತಿಯಾದ ನಿದರ್ಶನವೂ ಸಮೀಪದಲ್ಲಿದೆ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸ್ಥಾಪಿಸಿದ ಕೃಷಿ ಪತ್ತಿನ ಸಹಕಾರ ಸಂಘ ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಒಂದು. ಅದು ಗೆದ್ದದ್ದಕ್ಕೆ ಕಾರಣ ಸರಳವಾದದ್ದು: ಸಾಲ ಕೊಡುವ, ತೀರಿಸಿಕೊಳ್ಳುವ ನಿರ್ಣಯ ಸಂಘದ ಕೈಯಲ್ಲಿಯೇ ಇತ್ತು.

1983ರ ಕಾಯಿದೆ ಈ ಹಿನ್ನೆಲೆಯಲ್ಲಿ ಅರ್ಥಪೂರ್ಣವಾಗುತ್ತದೆ. ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಮುತುವರ್ಜಿಯಿಂದ ರೂಪುಗೊಂಡ ಅದರಡಿ 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆಯಿತು, ಮಹಿಳೆಯರಿಗೆ ಶೇ. 25ರಷ್ಟು ಸ್ಥಾನಗಳನ್ನು ಮೀಸಲಿಟ್ಟದ್ದು ರಾಷ್ಟ್ರಮಟ್ಟದ ತಿದ್ದುಪಡಿಗಿಂತ ಮೊದಲೇ. ಕೊಳವೆಬಾವಿಗಳಿಂದಾಗಿ ಜನರು ಸಚಿವರನ್ನು ‘ನೀರ್ ಸಾಬ್’ ಎಂದು ಕರೆದರು. ಈ ಅಡ್ಡಹೆಸರಿನಲ್ಲಿ ಜನತೆಯ ವಿಮರ್ಶಾಪ್ರಜ್ಞೆಯೂ ಇದೆ: ಅಧಿಕಾರ ಹಂಚಿಕೆಯ ಕಾಯಿದೆಗಿಂತ ಮುಂಚೆ ಅವರು ಲೆಕ್ಕಕ್ಕೆ ತೆಗೆದುಕೊಂಡದ್ದು ಕೊಡಕ್ಕೆ ಬಿದ್ದ ನೀರನ್ನು. 73ನೆಯ ತಿದ್ದುಪಡಿಯ ತರುವಾಯ 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯಿದೆ ಜಾರಿಗೆ ಬಂದು ಗ್ರಾಮಸಭೆಗೆ ಶಾಸನಬದ್ಧ ಸ್ಥಾನ ದೊರೆಯಿತು. ನಂತರದ ತಿದ್ದುಪಡಿಗಳಲ್ಲಿ ವಾರ್ಡ್‌ಸಭೆ ಸೇರಿತು. 2010ರಲ್ಲಿ ಮಹಿಳಾ ಮೀಸಲಾತಿ ಶೇ. 50ಕ್ಕೆ ಏರಿತು, 2015ರಲ್ಲಿ ಕಾಯಿದೆಯ ಹೆಸರಿಗೆ ‘ಗ್ರಾಮ ಸ್ವರಾಜ್’ ಎಂಬುದು ಜೋಡಣೆಯಾಯಿತು.

ಇಲ್ಲಿಗೆ ಸೂಡಿಯ ಮೂರು ಪ್ರಶ್ನೆಗಳನ್ನು ಮರಳಿ ತರಬಹುದು. ಮೊದಲನೆಯದಕ್ಕೆ, ಅಂದರೆ ಎಂಬತ್ತು ಒಕ್ಕಲಿನ ಆಚೆಗಿನವರ ಪ್ರಶ್ನೆಗೆ, ವಯಸ್ಕ ಮತದಾನವೂ ಮೀಸಲಾತಿಯೂ ಉತ್ತರ ಕೊಟ್ಟಿವೆ. ಮತದಾರರ ಪಟ್ಟಿಯಲ್ಲಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು; ಒಕ್ಕಲಿನ ಬದಲು ವ್ಯಕ್ತಿ ಎಣಿಕೆಗೆ ಬಂದದ್ದರಿಂದ ಎರಡನೆಯದಕ್ಕೂ ಕಾನೂನಿನ ಮಟ್ಟದಲ್ಲಿ ಉತ್ತರವಿದೆ. ಈ ಎರಡು ಉತ್ತರಗಳು ಶಾಸನ ಪರಂಪರೆಯಿಂದ ಬಂದವಲ್ಲ. 1932ರ ವಾದದಿಂದ ಬಂದವು. ಇಂದಿನ ಗ್ರಾಮಸಭೆಗೆ ಪೂರ್ವಜರನ್ನು ಹುಡುಕುವವರು ಅಕ್ಕಾದೇವಿಯ ಕಲ್ಲಿಗಿಂತ ಮುಂಬಯಿ ಪರಿಷತ್ತಿನ ನಡಾವಳಿಯನ್ನು ನೋಡುವುದು ಹೆಚ್ಚು ಯುಕ್ತ.

ಮೂರನೆಯ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ. ಹಕ್ಕೋ ದತ್ತಿಯೋ ಎಂಬುದು ತೀರ್ಮಾನವಾಗಿಲ್ಲ. 2016ರಲ್ಲಿ ಚುನಾಯಿತವಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದ ಬಳಿಕ ಕ್ಷೇತ್ರ ವಿಂಗಡಣೆ, ಮೀಸಲಾತಿಗಳ ತಕರಾರಿನಲ್ಲಿ ವರ್ಷಗಳ ಕಾಲ ಚುನಾವಣೆ ನಡೆಯಲಿಲ್ಲ. ಆಡಳಿತಾಧಿಕಾರಿಗಳು ಆ ಸ್ಥಾನದಲ್ಲಿದ್ದರು. ಸಂವಿಧಾನದಲ್ಲಿ ಬರೆದ ಐದು ವರ್ಷದ ಅವಧಿಯೂ ಮೇಲಿನವರ ಅನುಕೂಲಕ್ಕೆ ಕಾಯಬೇಕಾಯಿತು. ಸೂಡಿಯಲ್ಲಿ ಕಟ್ಟಳೆ ಕೆಡಲು ಚೋಳರ ದಂಡು ಬೇಕಾಗಿತ್ತು.

ಸಾರ್ವಜನಿಕ ಸೇವೆಗಳ ವಿಷಯದಲ್ಲಿ ಇನ್ನೊಂದು ಬಗೆಯ ಮಾರ್ಪಾಡು ನಡೆದಿದೆ, ಅದು ಕಣ್ಣಿಗೆ ಬೀಳುವುದು ಕಷ್ಟ. 2011ರ ‘ಸಕಾಲ’ ಕಾಯಿದೆ ಪಹಣಿ, ಜಾತಿ ಪ್ರಮಾಣಪತ್ರ, ಪಿಂಚಣಿ ಮೊದಲಾದ ಸೇವೆಗಳಿಗೆ ದಿನಗಳ ಗಡುವನ್ನು ನಿಗದಿಪಡಿಸಿತು; ತಡವಾದರೆ ಅಧಿಕಾರಿ ಪರಿಹಾರ ತೆರಬೇಕು. ಅಧಿಕಾರಿಯ ಕರ್ತವ್ಯವನ್ನು ಬರೆದಿಡುವ ದೃಷ್ಟಿಯಿಂದ ಇದು ಲಕ್ಷ್ಮೇಶ್ವರದ ಆಚಾರವ್ಯವಸ್ಥೆಗೆ ತೀರ ಹತ್ತಿರದ್ದು, ಸ್ವಾಗತಾರ್ಹವಾದದ್ದು. ಆದರೆ ಸಕಾಲದ ಎದುರು ನಿಂತವನು ಅರ್ಜಿದಾರ, ಸಭಿಕನಲ್ಲ. ತನ್ನ ಕಾಗದ ಏಕೆ ಬರಲಿಲ್ಲವೆಂದು ಅವನು ಕೇಳಬಹುದು; ಊರಿಗೆ ಯಾವ ಸೇವೆ ಮೊದಲು ಬೇಕೆಂದು ಅಲ್ಲಿ ಕೇಳಲಾಗದು. ಎರಡನೆಯದು ಗ್ರಾಮಸಭೆಯ ಕೆಲಸ. ಅರ್ಜಿದಾರನ ದಾರಿ ಸುಗಮವಾದಷ್ಟೂ ಸಭಿಕನ ದಾರಿ ಬಿಕೋ ಎನ್ನುವ ಸಾಧ್ಯತೆಯನ್ನು ಆಡಳಿತಶಾಸ್ತ್ರದ ಅಭ್ಯಾಸಿಗಳು ಗಂಭೀರವಾಗಿ ಪರಿಗಣಿಸಬೇಕು.

ಕುಡಿಯುವ ನೀರನ್ನೇ ತೆಗೆದುಕೊಳ್ಳಬಹುದು. ಗದಗ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಅಂಶದ ಬಾಧೆ ಬಹುಕಾಲದಿಂದ ತಿಳಿದದ್ದು; ಕೊಳವೆಬಾವಿಯ ನೀರನ್ನು ನೆಚ್ಚಿ ಕೂರುವಂತಿಲ್ಲ. ನದಿಯ ನೀರನ್ನು ದೂರದಿಂದ ತರುವ ಬಹುಗ್ರಾಮ ಯೋಜನೆಗಳು ಆದ್ದರಿಂದ ಅನಿವಾರ್ಯವಾದವು, ಅವು ಜನರ ಆರೋಗ್ಯಕ್ಕೆ ಒಳಿತನ್ನು ಮಾಡುವಂಥವು. ಇದರೊಡನೆ ಒಂದು ಸಂಗತಿ ಬದಲಾಯಿತು. ಕೆರೆ ಊರಿನದಾಗಿದ್ದಾಗ ಅದರ ಹೂಳು, ತೂಬು, ಸರತಿ ಎಲ್ಲವೂ ಊರಿನ ಚರ್ಚೆಯ ವಿಷಯವಾಗಿದ್ದವು. ಶಾಸನಗಳ ಕೆರೆದತ್ತಿಗಳು ಇದಕ್ಕೆ ಸಾಕ್ಷಿ. ಹತ್ತಾರು ಊರುಗಳಿಗೆ ಒಂದೇ ಕೊಳವೆಯಲ್ಲಿ ನೀರು ಬರುವಾಗ ಸರದಿಯನ್ನು ನಿರ್ಣಯಿಸುವುದು ಯಾವ ಒಂದು ಊರಿನ ಸಭೆಗೂ ಆಗದ ಕೆಲಸ. ಕುಡಿಯುವ ನೀರು ಸಂವಿಧಾನದ ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ ಒಂದಾಗಿದ್ದರೂ, ನಲ್ಲಿ ಒಣಗಿದ ದಿನ ಪಂಚಾಯತಿ ಸದಸ್ಯನು ತಾನೂ ಅರ್ಜಿದಾರನಾಗಿ ಎಂಜಿನಿಯರರ ಕಚೇರಿಗೆ ಹೋಗಬೇಕು. ನಡುವಣ ಹಂತದ ತಾಲ್ಲೂಕು ಪಂಚಾಯತಿ ಈ ಬಗೆಯ ಅಂತರ್‌ಗ್ರಾಮ ಪ್ರಶ್ನೆಗಳಿಗೆ ತಕ್ಕ ವೇದಿಕೆ. ವರ್ಷಗಳ ಕಾಲ ಚುನಾವಣೆಯಿಲ್ಲದೆ ಖಾಲಿ ಬಿದ್ದದ್ದೂ ಅದೇ. ಮಹದಾಯಿ ನೀರಿಗಾಗಿ 2015ರಲ್ಲಿ ನರಗುಂದದಲ್ಲಿ ಹೋರಾಟ ಮತ್ತೆ ಬೀದಿಯಲ್ಲಿ ಕುಳಿತದ್ದರ ಅರ್ಥವನ್ನು 1980ರ ಜೊತೆಗಿಟ್ಟು ಓದಬೇಕು.

ಇಷ್ಟು ಹೇಳಿದ ಮೇಲೆ ಸಂಶೋಧಕರ ಮುಂದಿರುವ ಒಂದು ಕಾರ್ಯವನ್ನು ಸೂಚಿಸುವುದು ಅವಶ್ಯ. ಸವಡಿ, ಸೂಡಿ, ರೋಣಗಳ ಹನ್ನೊಂದನೆಯ ಶತಮಾನದ ಕಲ್ಲುಗಳನ್ನು ಅಚ್ಚುಕಟ್ಟಾಗಿ ಪ್ರತಿಮಾಡಿ ಓದಿದ್ದೇವೆ. ಇದೇ ಊರುಗಳ ಪಂಚಾಯತಿ ಕಪಾಟುಗಳಲ್ಲಿ ಸೇರಿಕೊಳ್ಳುವ ಗ್ರಾಮಸಭೆಯ ನಡಾವಳಿ ಪುಸ್ತಕಗಳನ್ನು ಶಾಸನದಷ್ಟು ಎಚ್ಚರದಿಂದ ಓದುವ ಅಭ್ಯಾಸ ಇನ್ನೂ ಬೆಳೆದಿಲ್ಲ. ನಡಾವಳಿಗೂ ಶಾಸನಕ್ಕೂ ಇರುವ ಹೋಲಿಕೆ ಕಡಿಮೆಯದಲ್ಲ. ಎರಡಕ್ಕೂ ಸಿದ್ಧ ನುಡಿಗಟ್ಟಿದೆ: ಅಲ್ಲಿ ಅರಸನ ಪ್ರಶಸ್ತಿ, ಇಲ್ಲಿ ‘ಸರ್ವಾನುಮತದಿಂದ ಠರಾವಿಸಲಾಯಿತು’ ಎಂಬುದು. ಎರಡನ್ನೂ ಬರೆದವನು ಮಾತಾಡಿದವನಲ್ಲ. ಕೋರಂ ತುಂಬಿಸಲು ಮುಂಚಿತವಾಗಿ ಪಡೆದ ಸಹಿಗಳಾವುವು, ನಿಜವಾಗಿ ಕೂತವರ ಸಹಿಗಳಾವುವು. ಆಕ್ಷೇಪ ಎದ್ದಾಗ ಅದನ್ನು ಬರೆದುಕೊಂಡರೋ ನುಂಗಿದರೋ. ಮಹಿಳಾ ಗ್ರಾಮಸಭೆಯಲ್ಲಿ ಎದ್ದ ಬೇಡಿಕೆ ಮುಂದಿನ ಸಾಮಾನ್ಯ ಗ್ರಾಮಸಭೆಯ ಠರಾವಿನಲ್ಲಿ ಕಾಣಿಸುತ್ತದೋ ಇಲ್ಲವೋ – ಇವೆಲ್ಲ ಪಾಠಸಂಪಾದನೆಯ ಪ್ರಶ್ನೆಗಳು. ಲಿಪಿಯ ವ್ಯತ್ಯಾಸದಿಂದ ಕೂಟಶಾಸನವನ್ನು ಗುರುತಿಸುವ ವಿದ್ಯೆ ನಮ್ಮಲ್ಲಿ ಚೆನ್ನಾಗಿ ಬೆಳೆದಿದೆ. ಒಂದೇ ಶಾಯಿಯಲ್ಲಿ, ಒಂದೇ ಓರೆಯಲ್ಲಿ ಬಿದ್ದ ನೂರು ಸಹಿಗಳ ಪುಟದ ಮೇಲೆ ಅದನ್ನು ಪ್ರಯೋಗಿಸಿದರೆ, ಆ ದಿನ ಊರಿನಲ್ಲಿ ಸಭೆ ಸೇರಿತ್ತೇ ಎಂಬುದಕ್ಕೆ ಆಧಾರ ಸಿಗುತ್ತದೆ.